ಬಾಲೋತ್ರಾದಿಂದ ಹೆಸರಘಟ್ಟಕ್ಕೆ ಕೆಂಪಿ ಬಂದ ಬಗೆ

ಜನವರಿಯ ಒಂದು ಬೆಳಗ್ಗೆ ಐದೂವರೆಗೆ ಹೆಸರಘಟ್ಟದ ನಮ್ಮ ಲಾಯದ ಮುಂದೆ ಲಾರಿ ಬಂದು ನಿಂತಿತು. ಹಲಗೆ ಇಳಿಸಿ, ಕಾಲು ಜಾರದಿರಲಿ ಎಂದು ಅದರ ಮೇಲೆ ಹುಲ್ಲು ಹಾಸಿದೆವು. ಇಪ್ಪತ್ತೆರಡು ತಿಂಗಳ ಮಾರ್ವಾರಿ ತಳಿಯ ಹೆಣ್ಣು ಕುದುರೆಮರಿ ಕೆಂಪಿ ಒಂದೊಂದೇ ಹೆಜ್ಜೆ ಇಟ್ಟು ಇಳಿದಳು. ಇಳಿದವಳೇ ತಲೆ ತಗ್ಗಿಸಿ ನಮ್ಮ ಕೆಂಪು ಮಣ್ಣನ್ನು ಬಹಳ ಹೊತ್ತು ಮೂಸಿದಳು. ಹುಟ್ಟಿದಾಗಿನಿಂದ ಅವಳು ಕಂಡದ್ದು ಮರಳು ಮಾತ್ರ.

ರಾಜಸ್ಥಾನದ ಬಾಲೋತ್ರಾದಿಂದ ಐದು ದಿನದ ದಾರಿ, ಹೆಚ್ಚುಕಡಿಮೆ 2,000 ಕಿಲೋಮೀಟರ್. ಅದರ ಹಿಂದೆ ಐದು ತಿಂಗಳ ಹುಡುಕಾಟ, ಒಮ್ಮೆ ಮೋಸ ಹೋದದ್ದೂ ಸೇರಿ. ದೂರದಿಂದ ಮರಿ ತರಿಸಬೇಕೆಂದಿರುವ ಕೆಲವರು ಹೇಗೆ ಮಾಡಿದಿರಿ ಎಂದು ಕೇಳುತ್ತಲೇ ಇದ್ದಾರೆ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಕುದುರೆ ಬೇಕೆಂದರೆ ಸುಲಭವಾಗಿ ಸಿಗುವುದು ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್. ನನ್ನ ಹತ್ತಿರ ಅಂಥದ್ದೊಂದು ಏಳು ವರ್ಷದಿಂದ ಇದೆ, ಬಂಗಾರದಂಥ ಕುದುರೆ. ಆದರೆ ಬೇರೆಯವರು ಕಲಿಸಿ, ದಣಿಸಿ ಬಿಟ್ಟ ಕುದುರೆಗೆ ಮೊದಲು ಕಲಿತದ್ದನ್ನು ಮರೆಸುವುದರಲ್ಲೇ ಎರಡು ವರ್ಷ ಹೋಗುತ್ತದೆ. ಮೊದಲ ದಿನದಿಂದ ನಾನೇ ಬೆಳೆಸಿದ ಕುದುರೆ ಒಂದಾದರೂ ಇರಬೇಕು ಅನ್ನುವ ಆಸೆ ಇತ್ತು. ಅದು ನಮ್ಮ ದೇಶದ ತಳಿಯೇ ಆಗಿರಲಿ ಅನ್ನುವುದು ಇನ್ನೊಂದು ಆಸೆ.

ಮೊದಲ ಮರಿಯನ್ನು ಆರಿಸಿದ್ದು ವಿಡಿಯೋ ನೋಡಿ. ಹಣೆಯಲ್ಲಿ ಬಿಳಿ ಚುಕ್ಕಿ ಇದ್ದ ಕಪ್ಪು ಮರಿ. ಕಿವಿಯ ತುದಿಗಳು ಒಂದಕ್ಕೊಂದು ಮುಟ್ಟುವ ಹಾಗೆ ಒಳಕ್ಕೆ ಬಾಗಿದ್ದವು. ಮಾರ್ವಾರಿ ಎಂದ ಕೂಡಲೇ ಎಲ್ಲರೂ ನೋಡುವುದು ಆ ಕಿವಿಯನ್ನೇ, ನಾನೂ ಅದನ್ನೇ ನೋಡಿದೆ. ಮಾರುವವರು ಅವಸರ ಮಾಡಿದರು, ಇನ್ನೊಬ್ಬರು ನಾಳೆ ಬರುತ್ತಾರೆ ಎಂದರು. ಇಪ್ಪತ್ತು ಸಾವಿರ ಮುಂಗಡ ಕಳಿಸಿಬಿಟ್ಟೆ. ಕುದುರೆಯ ತಳಿ, ಗುರುತು ಬರೆದಿರುವ ಪಾಸ್‌ಪೋರ್ಟಿನ ಫೋಟೋ ಬಂದದ್ದು ಅದಾದ ಮೇಲೆ.

ನಮ್ಮ ಲಾಯದಲ್ಲಿ ಒಬ್ಬ ಹಿರಿಯ ಸೈಸ್, ಎಂದರೆ ಕುದುರೆ ನೋಡಿಕೊಳ್ಳುವವರು, ಇದ್ದಾರೆ. ಹದಿನಾಲ್ಕನೇ ವಯಸ್ಸಿನಿಂದ ಕುದುರೆಗಳ ನಡುವೆಯೇ ಬದುಕಿದವರು. ನಾವೆಲ್ಲ ಚಾಚಾ ಅನ್ನುತ್ತೇವೆ. ಅವರಿಗೆ ಮೊಬೈಲು ಕೊಟ್ಟು, "ಹೇಗಿದೆ ನೋಡಿ ಚಾಚಾ" ಅಂದೆ. ಅವರು ವಿಡಿಯೋ ನಿಲ್ಲಿಸಿ ಹಣೆಯನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಪಾಸ್‌ಪೋರ್ಟಿನ ಚಿತ್ರ ನೋಡಿದರು. "ಅಮ್ಮಾ, ಇದರಲ್ಲಿ ಹಣೆಗೆ ಒಂದು ಸುಳಿ. ಕಾಗದದಲ್ಲಿ ಎರಡು ಬರೆದಿದ್ದಾರೆ. ಇದು ಆ ಕುದುರೆ ಅಲ್ಲ."

ಅಲ್ಲಿಯವರೆಗೆ ಸುಳಿಯ ಮಾತು ಬಂದರೆ ನಾನು ಕಿವಿಗೊಡುತ್ತಿರಲಿಲ್ಲ. ಗಂಟಲಿನ ಕಡೆ ದೇವಮಣಿ ಸುಳಿ ಇದ್ದರೆ ಯಜಮಾನನಿಗೆ ಶುಭ, ಇಂಥ ಕಡೆ ಇದ್ದರೆ ಕೇಡು ಎನ್ನುವ ನಂಬಿಕೆಯಿಂದ ಒಳ್ಳೆಯ ಕುದುರೆಗಳು ಬೆಲೆ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಶುಭ ಅಶುಭದ ಮಾತನ್ನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಸುಳಿ ಹುಟ್ಟಿನಿಂದ ಬಂದದ್ದು, ಜಾಗ ಬದಲಿಸುವುದಿಲ್ಲ. ಬಣ್ಣ ಹಚ್ಚಬಹುದು, ಬಾಲ ಕತ್ತರಿಸಬಹುದು, ಸುಳಿಯನ್ನು ಏನೂ ಮಾಡಲಾಗದು. ಪಾಸ್‌ಪೋರ್ಟಿನ ಚಿತ್ರದಲ್ಲಿ ಸುಳಿಗಳನ್ನು ಗುರುತು ಹಾಕುವುದು ಅದಕ್ಕೇ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಪ್ರತ್ಯಕ್ಷವಾಗಿಯೂ ಕಂಡಿರಲಿಲ್ಲ. ಮುಂಗಡ ಹಿಂದೆ ಬರಲಿಲ್ಲ.

ಎರಡನೇ ಸಲ ಜಾಡು ಸಿಕ್ಕಿದ್ದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಗೆಳತಿಯಿಂದ. ಅವಳ ಸಹಪಾಠಿಯೊಬ್ಬರು ಜೋಧಪುರದಲ್ಲಿ ಕೆಲಸ ಮಾಡುತ್ತಾರೆ. ಅವರ ಪರಿಚಯದಲ್ಲಿ ಬಾಲೋತ್ರಾ ಕಡೆಯ ಹಳ್ಳಿಯೊಂದರಲ್ಲಿ ಮೂರು ತಲೆಮಾರಿನಿಂದ ಕುದುರೆ ಸಾಕಿದ ಮನೆ ಇತ್ತು. ಫೋನಿನಲ್ಲಿ ಆ ಮನೆಯ ಹಿರಿಯರು, "ಚೈತ್ರದಲ್ಲಿ ನಮ್ಮ ತಿಲ್ವಾಡಾ ಜಾತ್ರೆಗೆ ಬನ್ನಿ ಹುಕುಂ, ನೂರಾರು ಕುದುರೆ ನೋಡಬಹುದು" ಎಂದರು. ಹುಕುಂ ಎನ್ನುವುದು ಆ ಕಡೆ ಗೌರವದಿಂದ ಕರೆಯುವ ಮಾತು. ಕಾರ್ತಿಕದಲ್ಲಿ ಪುಷ್ಕರದ ಮೇಳವೂ ಇತ್ತು. ಎರಡೂ ಬೇಡ ಅಂದೆ. ಜಾತ್ರೆಯಲ್ಲಿ ಕುದುರೆ ಸಿಂಗಾರಗೊಂಡು, ಗದ್ದಲಕ್ಕೆ ಬೆದರಿ ಇಲ್ಲವೇ ದಣಿದು ನಿಂತಿರುತ್ತದೆ. ಅದರ ಸ್ವಭಾವ ಅಲ್ಲಿ ತಿಳಿಯುವುದಿಲ್ಲ. ಹತ್ತು ಊರಿನ ಕುದುರೆಗಳು ಒಂದೇ ಕಡೆ ಸೇರಿದಾಗ ರೋಗವೂ ಹಂಚಿಹೋಗುತ್ತದೆ. ಮರಿಯನ್ನು ಅದು ಹುಟ್ಟಿದ ಜಾಗದಲ್ಲೇ, ಏನೂ ವಿಶೇಷವಿಲ್ಲದ ದಿನ ನೋಡಬೇಕಿತ್ತು.

ದೀಪಾವಳಿ ಕಳೆದು ಎರಡು ವಾರಕ್ಕೆ ರೈಲು ಹತ್ತಿದೆ. ಗುರುವಾರ ಬರುತ್ತೇನೆ ಎಂದಿದ್ದೆ, ಬುಧವಾರ ಸಂಜೆಯೇ ತಲುಪಿದೆ. ಮನೆಯವರು ಮುಖ ಗಂಟು ಹಾಕಲಿಲ್ಲ, ಚಹಾ ಕೊಟ್ಟು ನೇರ ಹಿತ್ತಲಿಗೆ ಕರೆದೊಯ್ದರು. ಅರ್ಧ ಭರವಸೆ ನನಗೆ ಅಲ್ಲೇ ಬಂತು.

ಮರಿಗಿಂತ ಮೊದಲು ತಾಯಿಯನ್ನು ತೋರಿಸಿ ಅಂದೆ. ಇದು ನನ್ನ ಗಟ್ಟಿ ಅಭಿಪ್ರಾಯ: ಮರಿಯಲ್ಲಿ ಕಾಣುವುದು ಸ್ವಲ್ಪ, ತಾಯಿಯಲ್ಲಿ ಕಾಣುವುದು ಬಹಳ. ಹನ್ನೆರಡು ವರ್ಷದ ಕುಮೇತ್ ಕುದುರೆ, ಎಂದರೆ ಮೈ ಕಂದುಗೆಂಪು, ಜೂಲು ಬಾಲ ಕಪ್ಪು. ನಾಲ್ಕು ಕಾಲೂ ಒಣಗಿದ ಕಟ್ಟಿಗೆಯ ಹಾಗೆ ಗಟ್ಟಿ, ಮೊಣಕಾಲಿನ ಕೆಳಗೆ ಊತ ಇಲ್ಲ, ಗೊರಸು ಕಪ್ಪಗೆ ಬಿಗಿಯಾಗಿತ್ತು. ಅಪರಿಚಿತಳಾದ ನಾನು ಹಿಂಗಾಲು ಎತ್ತಿದರೂ ಸುಮ್ಮನೆ ನಿಂತಳು. ಮನೆಯ ಹುಡುಗ ಜೀನಿಲ್ಲದೆ ಹತ್ತಿ ರೇವಾಲ್ ನಡೆ ತೋರಿಸಿದ. ಮಾರ್ವಾರಿಗೆ ಹುಟ್ಟಿನಿಂದ ಬರುವ ನಡೆ ಅದು. ವೇಗವಾಗಿ ಹೋದರೂ ಬೆನ್ನು ಅಲುಗುವುದಿಲ್ಲ. ನಾನು ಅಷ್ಟು ಹತ್ತಿರದಿಂದ ಅದನ್ನು ಕಂಡದ್ದು ಅದೇ ಮೊದಲು, ಗಂಟಲು ಕಟ್ಟಿತು.

ಆಮೇಲೆ ಮರಿ. ಅವಳನ್ನು ಹಿಡಿದು ತರಬೇಡಿ ಅಂದೆ. ಬೇಲಿಯ ಒಳಗೆ ಬೇರೆ ನಾಲ್ಕು ಮರಿಗಳ ಜೊತೆ ಬಿಟ್ಟಿದ್ದರು. ಮುಕ್ಕಾಲು ಗಂಟೆ ಕಟ್ಟೆಯ ಮೇಲೆ ಕೂತು ನೋಡಿದೆ. ಒಂದು ಮರಿ ನನ್ನನ್ನು ಕಂಡು ಓಡಿಹೋಯಿತು, ಇನ್ನೊಂದು ಕಚ್ಚಲು ಬಂತು. ಇವಳು ದೂರ ನಿಂತು ನೋಡಿದಳು, ಮೇಯ್ದಳು, ಮತ್ತೆ ನೋಡಿದಳು, ಕೊನೆಗೆ ತಾನಾಗಿ ಬಂದು ನನ್ನ ಮೊಣಕೈ ಮೂಸಿದಳು. ಮನೆಯವರು ಎರಡು ಕಾಲಿನ ಮೇಲೆ ನಿಲ್ಲುವುದನ್ನು ತೋರಿಸಲೇ ಎಂದು ಕೇಳಿದರು. ಆ ಕಡೆ ಮದುವೆ ಮೆರವಣಿಗೆಗೆ ಕುಣಿಯುವ ಕುದುರೆಗೆ ಬೆಲೆ ಹೆಚ್ಚು. ಬೇಡ ಎಂದು ಕೈ ಮುಗಿದೆ. ಬೆಳೆಯುವ ಹಿಂಗಾಲಿಗೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಮಾರನೇ ದಿನ ಜೋಧಪುರದಿಂದ ವೈದ್ಯರು ಬಂದರು. ಅವರ ಶುಲ್ಕ ಕೊಟ್ಟದ್ದು ನಾನೇ. ಮಾರುವವರು ಕರೆಸಿದ ವೈದ್ಯರ ಮಾತಿನ ಮೇಲೆ ಕೊಳ್ಳಬಾರದು. ಕಣ್ಣು, ಎದೆಬಡಿತ, ಹೊಕ್ಕುಳಿನ ಜಾಗದಲ್ಲಿ ಹರ್ನಿಯಾ, ಗಟ್ಟಿ ನೆಲದ ಮೇಲೆ ಮುಂದಿನಿಂದ ಹಿಂದಿನಿಂದ ನಡಿಗೆ, ಎಲ್ಲ ನೋಡಿದರು. ಹಲ್ಲು ನೋಡುವಾಗ ನಾನೂ ಬಗ್ಗಿದೆ. ಮರಿಗೆ ಮೂಲೆಯ ಹಾಲುಹಲ್ಲು ಬರುವುದು ಆರರಿಂದ ಒಂಬತ್ತು ತಿಂಗಳಿಗೆ. ನಡುವಿನ ಎರಡು ಬಿದ್ದು ಶಾಶ್ವತ ಹಲ್ಲು ಬರುವುದು ಸುಮಾರು ಎರಡೂವರೆ ವರ್ಷಕ್ಕೆ, ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ. ಮೂರು ವರ್ಷ ಆಗಿದೆ, ಹತ್ತಬಹುದು ಎಂದು ಯಾರಾದರೂ ಮಾರಲು ಬಂದರೆ ಮೊದಲು ತುಟಿ ಬಿಡಿಸಿ ನೋಡಿ. ಇವಳಿಗೆ ಅಷ್ಟೂ ಹಾಲುಹಲ್ಲು. ಮನೆಯವರು ಹೇಳಿದ್ದು ಇಪ್ಪತ್ತು ತಿಂಗಳು, ಹೊಂದುತ್ತಿತ್ತು.

ರಕ್ತದ ಮಾದರಿ ತೆಗೆದದ್ದು ಗ್ಲ್ಯಾಂಡರ್ಸ್ ಮತ್ತು ಇಕ್ವೈನ್ ಇನ್ಫೆಕ್ಷಿಯಸ್ ಅನೀಮಿಯಾ ಎಂಬ ಎರಡು ಸೋಂಕು ರೋಗಗಳ ಪರೀಕ್ಷೆಗೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇವನ್ನು ಪರೀಕ್ಷಿಸುತ್ತಾರೆ. ಗ್ಲ್ಯಾಂಡರ್ಸ್ ವಿಷಯದಲ್ಲಿ ಯಾರೂ ಉದಾಸೀನ ಮಾಡಬಾರದು. ಅದು ಮನುಷ್ಯರಿಗೂ ಹರಡುತ್ತದೆ, ಲಸಿಕೆ ಇಲ್ಲ, ಸೋಂಕು ಖಚಿತವಾದ ಕುದುರೆಯನ್ನು ಉಳಿಸಿಕೊಳ್ಳಲು ಬಿಡುವುದಿಲ್ಲ. ನಮ್ಮ ಲಾಯದಲ್ಲಿ ಆರು ಕುದುರೆ, ನಾಲ್ಕು ಜನ ಕೆಲಸದವರು, ಅವರ ಮಕ್ಕಳು ಇದ್ದಾರೆ. ವರದಿ ಬರುವವರೆಗೆ ಬೆಲೆಯ ಕಾಲು ಭಾಗ ಮಾತ್ರ ಕೊಡುತ್ತೇನೆ, ರೋಗ ಕಂಡರೆ ಅದನ್ನು ವಾಪಸ್ ಕೊಡಬೇಕು ಎಂದು ಹಿಂದಿಯಲ್ಲಿ ಕಾಗದ ಮಾಡಿಕೊಂಡೆವು. ಅದರಲ್ಲಿ ಮರಿಯ ಸುಳಿಗಳನ್ನು, ಕತ್ತಿನ ಎಡಬದಿಯ ಮೈಕ್ರೋಚಿಪ್ಪಿನ 15 ಅಂಕಿಗಳನ್ನು ಬರೆಸಿದೆ. ಬೆಲೆ 2,40,000 ರೂಪಾಯಿ. ಚೌಕಾಸಿ ಹೆಚ್ಚು ಮಾಡಲಿಲ್ಲ, ಅದರ ಬದಲು ಒಂದು ಉಪಕಾರ ಕೇಳಿದೆ. ಅದರಿಂದಲೇ ಪ್ರಯಾಣ ಸುಸೂತ್ರವಾಯಿತು.

ಕೇಳಿದ್ದು ಇಷ್ಟು: ಹೊರಡುವ ಮೊದಲು ಮೂರು ವಾರ ದಿನಾ ಅವಳನ್ನು ನಿಂತ ಲಾರಿಗೆ ಹತ್ತಿಸಿ, ಒಳಗೆ ಮೇವು ಹಾಕಿ, ಇಳಿಸಬೇಕು. ಕೊನೆಯ ವಾರ ಕುಡಿಯುವ ನೀರಿಗೆ ಸ್ವಲ್ಪ ಬೆಲ್ಲ ಬೆರೆಸಬೇಕು. ಊರಿಂದೂರಿಗೆ ನೀರಿನ ರುಚಿ ಬದಲಾದರೆ ಕುದುರೆ ಕುಡಿಯುವುದನ್ನೇ ಬಿಡುತ್ತದೆ, ಒಣ ಹೊಟ್ಟೆಯಲ್ಲಿ ಮೇವು ಕಟ್ಟಿಕೊಂಡು ಶೂಲೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆಯೊಳಗೆ ಕೆಟ್ಟದ್ದು ಕೆಳಗೇ ಹೋಗಬೇಕು. ಎಲ್ಲ ಕಡೆ ನೀರಿಗೆ ಬೆಲ್ಲ ಹಾಕಿದರೆ ಎಲ್ಲ ಕಡೆಯ ನೀರೂ ಮನೆಯ ನೀರಿನ ಹಾಗೆ. ಅವರು ಮೂರು ವಾರವೂ ತಪ್ಪಿಸಲಿಲ್ಲ.

ಜನವರಿಯಲ್ಲಿ ಚಾಚಾ ಮತ್ತು ನಾನು ಹೋದೆವು. ಪುಣೆಯವರೆಗೆ ಬರುವ ವಯಸ್ಸಾದ ಕುದುರೆಯೊಂದು ಜೊತೆ ಸಿಕ್ಕಿತು. ಅದು ಶಾಂತವಾಗಿ ಮೇಯುವುದನ್ನು ನೋಡಿ ಮರಿಯೂ ಮೇಯ್ದಳು. ಗುಜರಾತ್ ದಾಟಿ ಮುಂಬೈ ಹೊರವಲಯ, ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಕೈಯಲ್ಲೇ ಇತ್ತು, ತಪಾಸಣೆಯಲ್ಲಿ ಎರಡು ಕಡೆ ಕೇಳಿದರು. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ಹಗ್ಗ ಸಡಿಲಿಸಿ ತಲೆ ತಗ್ಗಿಸಲು ಬಿಡುತ್ತಿದ್ದೆವು. ಇದನ್ನು ಒತ್ತಿ ಹೇಳುತ್ತೇನೆ. ತಲೆಯನ್ನು ಮೇಲಕ್ಕೇ ಬಿಗಿದು ಕಟ್ಟಿದರೆ ಮೂಗು ಗಂಟಲಿನ ಧೂಳು, ಕೀವು, ಕ್ರಿಮಿ ಹೊರಬರಲು ದಾರಿಯಿಲ್ಲದೆ ಪುಪ್ಪುಸಕ್ಕೆ ಇಳಿದು ಜ್ವರ ಹಿಡಿಯುತ್ತದೆ. ದೂರ ಪ್ರಯಾಣ ಮಾಡಿದ ಕುದುರೆಗಳು ಬಂದ ಮೂರನೇ ದಿನಕ್ಕೆ ಮಲಗುವುದು ಹೆಚ್ಚಾಗಿ ಇದರಿಂದ. ರಾತ್ರಿ ಗೋಶಾಲೆಯಲ್ಲೋ ಪರಿಚಯದ ಲಾಯದಲ್ಲೋ ಇಳಿಸಿ ನಿಲ್ಲಿಸಿದೆವು. ಕಾಲಿಗೆ ಪಟ್ಟಿ ಕಟ್ಟಿರಲಿಲ್ಲ. ಅಭ್ಯಾಸವಿಲ್ಲದ ಮರಿಗೆ ಅದು ಬಿಚ್ಚಿ ಕಾಲಿಗೆ ಸುತ್ತಿಕೊಂಡರೆ ಅನಾಹುತ.

ಬಂದ ಮೇಲೆ ಮೂರು ವಾರ ಬೇರೆ ಕೊಟ್ಟಿಗೆ, ಬೇರೆ ಬಕೆಟ್ಟು, ಬೇರೆ ಬ್ರಷ್ಷು. ಚಾಚಾ ಉಳಿದ ಕುದುರೆಗಳ ಕೆಲಸ ಮುಗಿಸಿ ಕೊನೆಗೆ ಇವಳ ಹತ್ತಿರ ಹೋಗುತ್ತಿದ್ದರು. ಬೆಳಗ್ಗೆ ಸಂಜೆ ಜ್ವರ ನೋಡಿ ಗೋಡೆಯ ಮೇಲೆ ಬರೆದೆವು. 38.5 ಡಿಗ್ರಿ ದಾಟಿದರೆ ವೈದ್ಯರಿಗೆ ಫೋನು ಎಂದು ನಿಶ್ಚಯಿಸಿದ್ದೆ, ದಾಟಲಿಲ್ಲ.

ತೊಂದರೆ ಬಂದದ್ದು ನಾನು ಯೋಚಿಸದ ಕಡೆಯಿಂದ. ಎಂಟನೇ ದಿನ ಮೇವು ಬಿಟ್ಟಳು, ಮತ್ತೆ ಮತ್ತೆ ಹೊಟ್ಟೆಯ ಕಡೆ ತಿರುಗಿ ನೋಡುತ್ತಿದ್ದಳು. ವೈದ್ಯರು ಬಂದು ಮೊದಲು ಲದ್ದಿ ತರಿಸಿದರು. ಅದನ್ನು ಬಕೆಟ್ಟಿನ ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟಾಗ ತಳದಲ್ಲಿ ಎರಡು ಹಿಡಿಯಷ್ಟು ಮರಳು ಕೂತಿತ್ತು. ಮರಳಿನ ಮೇಲೆ ಹಾಕಿದ ಮೇವಿನ ಜೊತೆ ಹುಟ್ಟಿದಾಗಿನಿಂದ ಒಳಗೆ ಹೋದದ್ದು. ಇಸಾಬ್‌ಗೋಲ್ ಕೊಟ್ಟು, ನೀರು ಹೆಚ್ಚಿಸಿ, ನಡೆಸಿ ನಡೆಸಿ ಎರಡು ರಾತ್ರಿ ಕಳೆದೆವು. ಮೂರನೇ ಬೆಳಗ್ಗೆ ಲದ್ದಿ ಸರಿಯಾಯಿತು. ಮರಳುಗಾಡಿನಿಂದ ಮರಿ ತರುವವರು ಬಂದ ದಿನವೇ ಈ ಬಕೆಟ್ಟಿನ ಪರೀಕ್ಷೆ ಮಾಡಿ.

ಮೇವು ಬದಲಿಸಲು ಹತ್ತು ದಿನ ತೆಗೆದುಕೊಂಡೆವು. ಅಲ್ಲಿಂದ ಎರಡು ಮೂಟೆ ಅವಳ ಮೇವು ತಂದಿದ್ದೆ, ಅದಕ್ಕೆ ನಮ್ಮದನ್ನು ದಿನಕ್ಕಿಷ್ಟು ಬೆರೆಸುತ್ತ ಹೋದೆವು. ಅವರು ರಿಜ್ಕಾ ಅನ್ನುವುದೇ ನಮ್ಮ ಕುದುರೆ ಮಸಾಲೆ ಸೊಪ್ಪು, ಅದನ್ನು ಮಾತ್ರ ಮೊದಲ ದಿನವೇ ಗುರುತು ಹಿಡಿದಳು. ಬೇಯಿಸಿದ ಹುರುಳಿಗೆ ಒಗ್ಗಲು ತಿಂಗಳು ಹಿಡಿಯಿತು. ಮಳೆಗಾಲದಲ್ಲಿ ಗೊರಸಿನ ಅಡಿ ಮೆತ್ತಗಾಗಿ ವಾಸನೆ ಬರತೊಡಗಿದಾಗ ಕೊಟ್ಟಿಗೆಯ ನೆಲ ಎತ್ತರಿಸಿ ಒಣಗಿಸಿದೆವು. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸುತ್ತೇವೆ, ಲಾಳ ಹೊಡೆದಿಲ್ಲ.

ಕಳೆದ ಗಣೇಶನ ಹಬ್ಬದ ವಾರ ಚಾಚಾ ಮೇವಿನ ತೊಟ್ಟಿಯಿಂದ ಏನನ್ನೋ ಹೆಕ್ಕಿ ನನ್ನ ಅಂಗೈಗೆ ಹಾಕಿದರು. ಸವೆದ ಚಿಕ್ಕ ಹಾಲುಹಲ್ಲು. ಲೆಕ್ಕ ಹಾಕಿದೆ, ಸರಿಯಾಗಿ ಎರಡೂವರೆ ವರ್ಷ. ಬಾಲೋತ್ರಾದ ಮನೆಗೆ ಫೋಟೋ ಕಳಿಸಿದೆ. "ಹೇಳಿದ್ದೆನಲ್ಲ ಹುಕುಂ, ಹೋಳಿ ಹುಣ್ಣಿಮೆಯ ಹಿಂದಿನ ರಾತ್ರಿ ಹುಟ್ಟಿದವಳು" ಎಂದು ಉತ್ತರ ಬಂತು.

ಕೆಂಪಿಯ ಬೆನ್ನ ಮೇಲೆ ಇನ್ನೂ ಯಾರೂ ಕೂತಿಲ್ಲ. ಮುಂಗಾಲಿನ ಮಂಡಿಯ ಬೆಳೆಯುವ ಎಲುಬು ಈಗಷ್ಟೇ ಕೂಡಿಕೊಳ್ಳುವ ಸಮಯ, ಬೆನ್ನುಮೂಳೆ ಗಟ್ಟಿಯಾಗಲು ಐದು ವರ್ಷ ದಾಟಬೇಕು. ಸದ್ಯ ದಿನಾ ಬೆಳಗ್ಗೆ ಹಗ್ಗ ಹಿಡಿದು ಹುಲ್ಲುಗಾವಲಿನ ಕಡೆ ನಡೆಯುತ್ತೇವೆ. ಬೈಕು, ನಾಯಿ, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ, ಒಂದೊಂದನ್ನೇ ನಿಂತು ನೋಡುತ್ತಾಳೆ. ನೋಡಿ ಮುಗಿಸುವವರೆಗೆ ನಾನೂ ನಿಲ್ಲುತ್ತೇನೆ. ಮುಂದಿನ ದೀಪಾವಳಿಯ ಹೊತ್ತಿಗೆ ಹಗುರ ಜೀನು ಹಾಕಿ ನೋಡೋಣ ಎಂದಿದ್ದಾರೆ ಚಾಚಾ.