ಬಿ.ಎಡ್. ಸೇರುವ ಮೊದಲು ಡಿಗ್ರಿ ಅಂಕಪಟ್ಟಿ ಕೈಗೆತ್ತಿಕೊಳ್ಳಿ

ನಮ್ಮ ಪ್ರೌಢಶಾಲೆಗೆ ಪ್ರತಿ ವರ್ಷ ಬಿ.ಎಡ್. ಇಂಟರ್ನ್‌ಶಿಪ್‌ಗೆ ಎಂಟು ಹತ್ತು ಹುಡುಗ ಹುಡುಗಿಯರು ಬರುತ್ತಾರೆ. ಮೊದಲ ದಿನವೇ ನಾನು ಅವರಿಗೆ ಎರಡು ಪ್ರಶ್ನೆ ಕೇಳುತ್ತೇನೆ. ಡಿಗ್ರಿಯಲ್ಲಿ ಏನು ಓದಿದಿರಿ? ಇಲ್ಲಿ ಮೆಥಡ್ (ಶಾಲೆಯಲ್ಲಿ ಕಲಿಸಲು ಆರಿಸಿಕೊಳ್ಳುವ ವಿಷಯ) ಯಾವುದು ತಗೊಂಡಿರಿ? ಎರಡೂ ಉತ್ತರ ಹೊಂದಿಕೊಂಡರೆ ನನಗೆ ಸಮಾಧಾನ. ಹೊಂದದಿದ್ದರೆ ಎದೆ ಧಸಕ್ಕೆನ್ನುತ್ತದೆ.

ಕೆಲವು ವರ್ಷಗಳ ಹಿಂದೆ ಬಂದಿದ್ದ ಒಬ್ಬ ಹುಡುಗಿ ಈಗಲೂ ನೆನಪಾಗುತ್ತಾಳೆ. ಒಂಬತ್ತನೇ ತರಗತಿಗೆ ಇಂಗ್ಲಿಷ್ ಪಾಠ ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ, ಹಿಂದಿನ ಬೆಂಚಿನ ಹುಡುಗರೂ ಕೈ ಎತ್ತುತ್ತಿದ್ದರು. ಬಿ.ಎ.ಯಲ್ಲಿ ಅವಳು ಓದಿದ್ದು ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ಇಂಗ್ಲಿಷ್ ಇದ್ದದ್ದು ಎಲ್ಲರಿಗೂ ಇರುವ ಬೇಸಿಕ್ ಭಾಷೆಯಾಗಿ ಮಾತ್ರ. ‘ಇಂಗ್ಲಿಷಿಗೆ ಡಿಮ್ಯಾಂಡ್ ಜಾಸ್ತಿ’ ಅಂತ ಯಾರೋ ಹೇಳಿದ್ದಕ್ಕೆ ಆ ಮೆಥಡ್ ತಗೊಂಡಿದ್ದಳು. ಮುಂದೆ ಇಂಗ್ಲಿಷ್ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಡಿಗ್ರಿಯಲ್ಲಿ ಐಚ್ಛಿಕ ಇಂಗ್ಲಿಷ್ ಇರಬೇಕು ಅಂತ ಕೇಳಿದರು. ಅವಳಿಗೆ ಅರ್ಜಿ ಹಾಕಲೂ ಆಗಲಿಲ್ಲ. ಇಂಥದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾವ ತರಗತಿಗೆ ಪಾಠ ಮಾಡಬೇಕು?

ಕಾಲೇಜು ಹುಡುಕುವುದು ಆಮೇಲೆ. ಮೊದಲು ನಿಮ್ಮ ಮುಂದೆ ಯಾವ ವಯಸ್ಸಿನ ಮಕ್ಕಳು ಕೂತಿರಬೇಕು ಅಂತ ಯೋಚಿಸಿ.

ಒಂದರಿಂದ ಐದನೇ ತರಗತಿಯ ಪುಟ್ಟ ಮಕ್ಕಳು ಇಷ್ಟವೇ? ಹಾಗಾದರೆ ಬಿ.ಎಡ್. ನಿಮ್ಮ ದಾರಿಯಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ತರಗತಿಗಳಿಗೆ ಬೇಕಾದದ್ದು ಡಿ.ಎಲ್.ಎಡ್., ನಮ್ಮಲ್ಲಿ ಜನ ಈಗಲೂ ಡಿ.ಎಡ್. ಅನ್ನುವ ಕೋರ್ಸ್. ‘ಬಿ.ಎಡ್. ದೊಡ್ಡದು, ಅದು ಮಾಡಿದರೆ ಎಲ್ಲ ತರಗತಿಗೂ ಆಗುತ್ತದೆ’ ಅನ್ನುವ ಮಾತನ್ನು ನಂಬಬೇಡಿ.

ಆರರಿಂದ ಎಂಟಕ್ಕೆ ಡಿಗ್ರಿ, ಅದರ ಜೊತೆ ಡಿ.ಎಲ್.ಎಡ್. ಅಥವಾ ಬಿ.ಎಡ್., ಮೇಲೆ ಟಿಇಟಿಯ (ಶಿಕ್ಷಕರ ಅರ್ಹತಾ ಪರೀಕ್ಷೆಯ) ಎರಡನೇ ಪತ್ರಿಕೆ. ಒಂಬತ್ತು, ಹತ್ತಕ್ಕೆ ಡಿಗ್ರಿ ಮತ್ತು ಬಿ.ಎಡ್. ಪಿಯು ಕಾಲೇಜಿಗೆ ಎಂ.ಎ. ಅಥವಾ ಎಂ.ಎಸ್ಸಿ., ಜೊತೆಗೆ ಬಿ.ಎಡ್.

ಕಿವಿ ಕೇಳಿಸದ, ಕಣ್ಣು ಕಾಣದ ಅಥವಾ ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೆ ಕಲಿಸುವ ಮನಸ್ಸಿದ್ದರೆ ವಿಶೇಷ ಶಿಕ್ಷಣದ ಬಿ.ಎಡ್. ಬೇರೆಯೇ ಇದೆ. ಅದಕ್ಕೆ ಮಾನ್ಯತೆ ಕೊಡುವುದು ಭಾರತೀಯ ಪುನರ್ವಸತಿ ಪರಿಷತ್ತು. ಕೋರ್ಸ್ ಮುಗಿದ ಮೇಲೆ ಅಲ್ಲೇ ಹೆಸರು ನೋಂದಾಯಿಸಿಕೊಳ್ಳಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷದ ಮಕ್ಕಳ ಶಿಕ್ಷಣಕ್ಕೆಂದೇ ಬಿ.ಎಡ್. ಇದೆ. ತಾಳ್ಮೆ ಇರುವ ಹುಡುಗ ಹುಡುಗಿಯರನ್ನು ಕಂಡರೆ ನಾನು ಈ ದಾರಿಯನ್ನು ತಪ್ಪದೆ ಹೇಳುತ್ತೇನೆ. ನಮ್ಮ ಶಾಲೆಗಳಿಗೆ ಇಂಥ ಶಿಕ್ಷಕರು ತುಂಬಾ ಬೇಕು.

ಹೆಜ್ಜೆ 2: ಅಂಕ ಲೆಕ್ಕ ಹಾಕಿ

ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇಯ 2014ರ ನಿಯಮದಂತೆ ಡಿಗ್ರಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಶೇ 50 ಬೇಕು. ಗಣಿತ, ವಿಜ್ಞಾನ ಇರುವ ಬಿ.ಇ. ಓದಿದವರಿಗೆ ಶೇ 55. ಮೀಸಲಾತಿ ಇರುವವರಿಗೆ ರಿಯಾಯಿತಿ ಉಂಟು. 49.6 ಬಂದಿದ್ದರೆ ಅರ್ಜಿಯಲ್ಲಿ 49.6 ಅಂತಲೇ ಬರೆಯಿರಿ.

ಹೆಜ್ಜೆ 3: ಮೆಥಡ್ ಆಯ್ಕೆ

ಜನ ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಬಿ.ಎಡ್.ನಲ್ಲಿ ಶಿಕ್ಷಣದ ತತ್ವ, ಮಗುವಿನ ಮನಸ್ಸು, ಮೌಲ್ಯಮಾಪನ ಇವೆಲ್ಲ ಎಲ್ಲರಿಗೂ ಒಂದೇ. ಬೇರೆಯಾಗುವುದು ಮೆಥಡ್, ಅಂದರೆ ಬೋಧನಾ ವಿಷಯ. ಯಾವ ವಿಷಯವನ್ನು ಶಾಲೆಯಲ್ಲಿ ಕಲಿಸುತ್ತೀರೋ ಅದನ್ನು ಹೇಗೆ ಕಲಿಸಬೇಕು ಅನ್ನುವ ಓದು ಇದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಎರಡು ಮೆಥಡ್ ತಗೊಳ್ಳಬೇಕು. ದಾಖಲಾದ ದಿನ ಒಂದು ಫಾರಂ ಕೊಡುತ್ತಾರೆ, ಐದು ನಿಮಿಷದಲ್ಲಿ ತುಂಬಿಸಿಕೊಳ್ಳುತ್ತಾರೆ. ಆ ಐದು ನಿಮಿಷದ ತೀರ್ಮಾನ ಮುಂದಿನ ಮೂವತ್ತು ವರ್ಷದ ಕೆಲಸಕ್ಕೆ ತಾಗುತ್ತದೆ. ಅದಕ್ಕೇ ಮನೆಯಲ್ಲೇ ಕೂತು ಮೊದಲೇ ತಯಾರಾಗಿ.

ಒಂದು ಬಿಳಿ ಹಾಳೆ ತಗೊಳ್ಳಿ. ಮೂರು ಕಾಲಂ ಎಳೆಯಿರಿ. ಮೊದಲ ಕಾಲಂನಲ್ಲಿ ಡಿಗ್ರಿಯ ಪ್ರತಿ ಸೆಮಿಸ್ಟರ್‌ನಲ್ಲೂ ಓದಿದ ವಿಷಯಗಳನ್ನು ಅಂಕಪಟ್ಟಿ ನೋಡಿಕೊಂಡೇ ಬರೆಯಿರಿ. ನೆನಪಿನಿಂದ ಬರೆಯಬೇಡಿ. ಎರಡನೇ ಕಾಲಂನಲ್ಲಿ ಆ ವಿಷಯ ಕೊನೆಯ ಸೆಮಿಸ್ಟರ್‌ವರೆಗೂ ಇತ್ತೇ ಅಥವಾ ನಡುವೆ ಬಿಟ್ಟಿರೇ ಅಂತ ಗುರುತು ಹಾಕಿ. ಮೂರನೆಯದಕ್ಕೆ ಶಾಲಾ ಶಿಕ್ಷಣ ಇಲಾಖೆಯ ಇತ್ತೀಚಿನ ನೇಮಕಾತಿ ಅಧಿಸೂಚನೆ ಬೇಕು. ಅದರಲ್ಲಿ ‘ವಿದ್ಯಾರ್ಹತೆ’ ಅನ್ನುವ ಭಾಗವಿದೆ. ಯಾವ ಹುದ್ದೆಗೆ ಡಿಗ್ರಿಯಲ್ಲಿ ಯಾವ ಐಚ್ಛಿಕ ವಿಷಯ, ಬಿ.ಎಡ್.ನಲ್ಲಿ ಯಾವ ಬೋಧನಾ ವಿಷಯ ಕೇಳಿದ್ದಾರೆ ಅಂತ ಓದಿ ಅಲ್ಲಿ ಬರೆಯಿರಿ. ಮೂರೂ ಕಾಲಂ ಒಂದೇ ಗೆರೆಯಲ್ಲಿ ಹೊಂದುವ ವಿಷಯವೇ ನಿಮ್ಮ ಮೆಥಡ್.

ಈಗ ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ನೋಡೋಣ.

ಭಾಷೆಯದ್ದು ಮೊದಲು. ಡಿಗ್ರಿಯಲ್ಲಿ ಎಲ್ಲರೂ ಓದುವ ಬೇಸಿಕ್ ಕನ್ನಡ ಬೇರೆ, ಐಚ್ಛಿಕ ಕನ್ನಡ ಬೇರೆ. ಇಂಗ್ಲಿಷ್, ಹಿಂದಿಗೂ ಹೀಗೇ. ಅಂಕಪಟ್ಟಿಯಲ್ಲಿ ‘ಐಚ್ಛಿಕ’ ಅಂತ ಇದ್ದರೆ ಮಾತ್ರ ಆ ಭಾಷೆಯನ್ನು ಮೆಥಡ್ ಮಾಡಿಕೊಳ್ಳಿ.

ಎರಡನೆಯದು ಪಿಯು ಭ್ರಮೆ. ‘ಪಿಯುಸಿಯಲ್ಲಿ ಗಣಿತದಲ್ಲಿ 92 ಬಂದಿತ್ತು ಮೇಡಂ, ಅದಕ್ಕೇ ಗಣಿತ ಮೆಥಡ್ ತಗೊಂಡೆ’ ಅಂದವನ ಬಿ.ಎಸ್ಸಿ. ಸಿಬಿಝಡ್ ಆಗಿತ್ತು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಗಣಿತದ ಹುದ್ದೆಗೆ ಪಿಯುಸಿ ಅಂಕ ಲೆಕ್ಕಕ್ಕಿಲ್ಲ. ಸಿಬಿಝಡ್ ಓದಿದವರು ಜೀವವಿಜ್ಞಾನ ಮತ್ತು ರಸಾಯನಶಾಸ್ತ್ರದ ಕಡೆಗೇ ಹೋಗಲಿ. ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಭೌತವಿಜ್ಞಾನ ಅನ್ನುವ ಒಂದೇ ಮೆಥಡ್‌ನಲ್ಲಿ ಸೇರಿಸಿದ್ದರೆ ಅದನ್ನು ತಗೊಳ್ಳಿ.

ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದವರಿಗೆ ನನ್ನ ಮಾತು ಒಂದೇ: ಗಣಿತ ಮತ್ತು ಭೌತವಿಜ್ಞಾನ. ಬೇರೆ ಯೋಚನೆ ಬೇಡ. ಗಣಿತ ಬಿಟ್ಟು ಸುಲಭ ಅಂತ ಬೇರೆ ಮೆಥಡ್ ಹಿಡಿದವರನ್ನು ನೋಡಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಗಣಿತ ಮೇಷ್ಟರಿಗೆ ಕಾಯುವ ಮಕ್ಕಳನ್ನೂ ನೋಡಿದ್ದೇನೆ. ರಸಾಯನಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಓದಿದವರು ಅಧಿಸೂಚನೆಯ ಆ ಸಾಲನ್ನು ಎರಡು ಸಲ ಓದಬೇಕು. ಹುದ್ದೆಯ ಹೆಸರಿನಲ್ಲೇ ‘ಪಿಸಿಎಂ’ ಅಂತ ಇರುತ್ತದೆ, ಅಲ್ವಾ?

2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿಯಲ್ಲಿ ಡಿಗ್ರಿ ಸೇರಿದವರಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಆ ಪದ್ಧತಿಯಲ್ಲಿ ಮೂರರ ಬದಲು ಎರಡು ಮುಖ್ಯ ವಿಷಯಗಳಿದ್ದವು. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವಿಷಯಗಳ ಮೂರು ವರ್ಷದ ಡಿಗ್ರಿ ಬಂತು. ನಡುವಿನ ತಂಡದವರು ತಮ್ಮ ಎರಡು ವಿಷಯಗಳನ್ನೇ ಎರಡು ಮೆಥಡ್ ಮಾಡಿಕೊಳ್ಳುವುದು ಕ್ಷೇಮ.

ಬಿ.ಎ. ಓದಿದವರಲ್ಲಿ ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಇರುವವರು ಅದೃಷ್ಟವಂತರು. ಸಮಾಜ ವಿಜ್ಞಾನ ಒಂದು ಮೆಥಡ್, ಕನ್ನಡ ಇನ್ನೊಂದು. ಎರಡು ಬಾಗಿಲು ತೆರೆದಿರುತ್ತವೆ. ಎರಡನ್ನೂ ಸಮಾಜ ವಿಜ್ಞಾನದ ಕಡೆಗೇ ಹಾಕಿ ಒಂದು ಬಾಗಿಲು ಮುಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು. ಕೆಲವು ಕಾಲೇಜುಗಳಲ್ಲಿ ಒಂದು ವಿಷಯಕ್ಕೆ ಉಪನ್ಯಾಸಕರೇ ಇರುವುದಿಲ್ಲ. ಆಗ ‘ಗಣಿತ ಫುಲ್ ಆಗಿದೆ, ಬೇರೆ ತಗೊಳ್ಳಿ’ ಅಂತ ಹೇಳುತ್ತಾರೆ. ಫೀ ಕಟ್ಟುವ ಮೊದಲೇ ಆಫೀಸಿನಲ್ಲಿ ಕೇಳಿ: ನನ್ನ ಎರಡು ಮೆಥಡ್‌ಗೂ ಇಲ್ಲಿ ಪಾಠ ಮಾಡುವವರು ಇದ್ದಾರೆಯೇ? ಇಲ್ಲ ಅಂದರೆ ಬೇರೆ ಕಾಲೇಜು ನೋಡಿ. ಗಡಿಬಿಡಿಯಲ್ಲಿ ತಪ್ಪು ಬರೆದಿದ್ದರೆ ಮೊದಲ ವಾರದಲ್ಲೇ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೊಡಿ. ಬಾಯಿ ಮಾತಿನಲ್ಲಿ ಹೇಳಿದ್ದು ವಿಶ್ವವಿದ್ಯಾಲಯದವರೆಗೆ ಹೋಗುವುದಿಲ್ಲ.

ಹೆಜ್ಜೆ 4: ಅರ್ಜಿ

ಸರ್ಕಾರಿ ಕೋಟಾದ ಸೀಟಿಗೆ ಕೇಂದ್ರೀಕೃತ ದಾಖಲಾತಿ ಘಟಕ ಆನ್‌ಲೈನ್‌ನಲ್ಲಿ ಅರ್ಜಿ ಕರೆಯುತ್ತದೆ. ಸೀಟು ಡಿಗ್ರಿ ಅಂಕದ ಮೆರಿಟ್ ಮೇಲೆ. ಜಾತಿ ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ, 371 ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ), ಇವುಗಳಲ್ಲಿ ನಿಮಗೆ ಅನ್ವಯಿಸುವ ಪ್ರಮಾಣಪತ್ರಗಳನ್ನು ಅರ್ಜಿ ಕರೆಯುವ ಮೊದಲೇ ಮಾಡಿಸಿಡಿ.

ಹೆಜ್ಜೆ 5: ಕಾಲೇಜಿನ ಮಾನ್ಯತೆ

ಎನ್‌ಸಿಟಿಇ ಮಾನ್ಯತೆ ಇರಬೇಕು, ವಿಶ್ವವಿದ್ಯಾಲಯದ ಸಂಯೋಜನೆ ಇರಬೇಕು. ಎರಡರ ಪತ್ರವನ್ನೂ ಕೇಳಿ ನೋಡಿ.

‘ಕಾಲೇಜಿಗೆ ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು’ ಅನ್ನುವ ಏಜೆಂಟರು ಪ್ರತಿ ಊರಿನಲ್ಲೂ ಇದ್ದಾರೆ. ದಯವಿಟ್ಟು ಅವರ ಹತ್ತಿರ ಹೋಗಬೇಡಿ. ಬಿ.ಎಡ್. ಎರಡು ವರ್ಷದ ಕೋರ್ಸ್. ತರಗತಿಗೆ ಶೇ 80, ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಬೇಕು ಅಂತ ನಿಯಮವೇ ಇದೆ. ‘ದೂರಶಿಕ್ಷಣದಲ್ಲಿ ಯಾರು ಬೇಕಾದರೂ ಮಾಡಬಹುದು’ ಅನ್ನುವುದೂ ಸುಳ್ಳು. ಮುಕ್ತ ವಿಶ್ವವಿದ್ಯಾಲಯದ ಬಿ.ಎಡ್. ಇರುವುದು ತರಬೇತಿ ಪಡೆದು ಕೆಲಸದಲ್ಲಿರುವ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ, ಅಥವಾ ಡಿ.ಎಲ್.ಎಡ್.ನಂಥ ಮಾನ್ಯತೆ ಇರುವ ಕೋರ್ಸನ್ನು ಕಾಲೇಜಿಗೆ ಹೋಗಿ ಮುಗಿಸಿದವರಿಗೆ.

ಪಿಯುಸಿ ಮುಗಿಸಿದ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಇನ್ನೊಂದು ದಾರಿ ಹೇಳಿ. ಡಿಗ್ರಿ ಮತ್ತು ಬಿ.ಎಡ್. ಸೇರಿಸಿ ನಾಲ್ಕು ವರ್ಷದಲ್ಲಿ ಮುಗಿಸುವ ಸಂಯೋಜಿತ ಕೋರ್ಸ್ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಾ ಬಂದಿದೆ. ಅಲ್ಲಿ ಓದಿ ಬಂದ ಸಹೋದ್ಯೋಗಿಗಳ ಪಾಠ ಕೇಳಿದ್ದೇನೆ. ನನ್ನ ಮನೆಯ ಮಗುವಾದರೆ ಅಲ್ಲಿಗೇ ಕಳಿಸುತ್ತೇನೆ.

ಹೆಜ್ಜೆ 6: ಇಂಟರ್ನ್‌ಶಿಪ್

ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು. ಅದರಲ್ಲಿ 16 ವಾರ ಎರಡನೇ ವರ್ಷದಲ್ಲಿ. ನೀವು ಶಿಕ್ಷಕರಾಗುವುದು ಈ ವಾರಗಳಲ್ಲಿ.

ಅಂಗಡಿಗಳಲ್ಲಿ ರೆಡಿಮೇಡ್ ಪಾಠಯೋಜನೆ ಪುಸ್ತಕ ಸಿಗುತ್ತವೆ. ದುಡ್ಡು ಕೊಟ್ಟರೆ ರೆಕಾರ್ಡ್ ಬರೆದುಕೊಡುವವರೂ ಇದ್ದಾರೆ, ಚಾರ್ಟ್ ಬರೆದುಕೊಡುವವರೂ ಇದ್ದಾರೆ. ಒಂದನ್ನೂ ಮುಟ್ಟಬೇಡಿ. ಭಿನ್ನರಾಶಿಯ ಪಾಠದಲ್ಲಿ 1/2ಕ್ಕೆ 1/3 ಕೂಡಿಸಿ ಅಂದರೆ ಎಷ್ಟೋ ಮಕ್ಕಳು 2/5 ಅಂತ ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. 2/5 ಅಂದರೆ ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಅಂತ ಮಗುವನ್ನೇ ಕೇಳಬೇಕು. ಒಂದು ರೊಟ್ಟಿ ಮುರಿದು ತೋರಿಸಬೇಕು. ಕೊಂಡ ಪುಸ್ತಕದಲ್ಲಿ ಬರೀ ‘ಶಿಕ್ಷಕರು ವಿವರಿಸುವರು’ ಅಂತ ಇರುತ್ತದೆ. ನಿಮ್ಮ ಪಾಠಯೋಜನೆಯಲ್ಲಿ ಮಗು ಎಲ್ಲಿ ತಪ್ಪಬಹುದು ಅನ್ನುವುದಕ್ಕೆ ಒಂದು ಜಾಗ ಬಿಡಿ. ಪಾಠ ಮುಗಿದ ಸಂಜೆ ಅದನ್ನು ತುಂಬಿ.

ಹೆಜ್ಜೆ 7: ಟಿಇಟಿ

ಒಂದರಿಂದ ಎಂಟನೇ ತರಗತಿಯವರೆಗೆ ಕಲಿಸಲು ಟಿಇಟಿ ಬೇಕು. 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗಕ್ಕೆ ಶೇ 60 ಬಂದರೆ ಪಾಸ್. ಎರಡನೇ ಪತ್ರಿಕೆಯಲ್ಲಿ 60 ಅಂಕ ಗಣಿತ ಮತ್ತು ವಿಜ್ಞಾನ ಅಥವಾ ಸಮಾಜ ವಿಜ್ಞಾನಕ್ಕೆ. ಉಳಿದದ್ದು ಮಗುವಿನ ಬೆಳವಣಿಗೆ ಮತ್ತು ಎರಡು ಭಾಷೆ. ಈಗ ಪ್ರಮಾಣಪತ್ರಕ್ಕೆ ಜೀವನಪೂರ್ತಿ ಮಾನ್ಯತೆ ಇದೆ. ಆದ್ದರಿಂದ ಬಿ.ಎಡ್. ಓದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದುಬಿಡಿ.

ಹೆಜ್ಜೆ 8: ಎಂ.ಎಡ್. ಬೇಕೇ?

ಶಾಲೆಯಲ್ಲಿ ಪಾಠ ಮಾಡಲು ಎಂ.ಎಡ್. ಬೇಕಿಲ್ಲ. ಮುಂದಿನ ಶಿಕ್ಷಕರನ್ನು ತಯಾರು ಮಾಡುವ ಆಸೆಯಿದ್ದರೆ ಬೇಕು. ಇದೂ ಎರಡು ವರ್ಷ. ಸೇರಲು ಬಿ.ಎಡ್.ನಲ್ಲಿ ಶೇ 50 ಇರಬೇಕು. ಇಲ್ಲಿ ವಿಶೇಷ ಅಧ್ಯಯನ ಅಂತ ಪ್ರಾಥಮಿಕ ಹಂತವನ್ನು ಆರಿಸಬಹುದು, ಅಥವಾ ಪ್ರೌಢ ಮತ್ತು ಪಿಯು ಹಂತವನ್ನು. ಜೊತೆಗೆ ಪಠ್ಯಕ್ರಮ, ಶಾಲಾ ಆಡಳಿತ, ಶಿಕ್ಷಣ ತಂತ್ರಜ್ಞಾನ ಇಂಥ ವಿಷಯಗಳಿರುತ್ತವೆ. ಒಂದು ಪ್ರಬಂಧವನ್ನೂ ಬರೆಯಬೇಕು. ಕನಿಷ್ಠ ಮೂರು ವರ್ಷ ತರಗತಿಯಲ್ಲಿ ನಿಂತ ಮೇಲೆ ಎಂ.ಎಡ್. ಮಾಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬಿ.ಎಡ್. ಕಾಲೇಜಿನಲ್ಲಿ ಮೆಥಡ್ ಕಲಿಸಲು ಎಂ.ಎಡ್. ಒಂದೇ ಸಾಲದು. ವಿಷಯದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಇರಬೇಕು, ಎರಡರಲ್ಲೂ ಶೇ 55 ಬೇಕು. ಎಂ.ಎ.ಯಲ್ಲಿ 53 ಬಂದಿರುವವರು ಇದನ್ನು ಎಂ.ಎಡ್. ಮುಗಿದ ಮೇಲೆ ತಿಳಿದುಕೊಂಡು ಅತ್ತದ್ದನ್ನು ಕಂಡಿದ್ದೇನೆ. ಎಂ.ಎಡ್. ಅರ್ಜಿ ತುಂಬುವ ದಿನವೂ ಮತ್ತೆ ಆ ಬಿಳಿ ಹಾಳೆ ತೆಗೆದು ಒಂದು ಕಾಲಂ ಸೇರಿಸಿ.

ಬಿ.ಎಡ್. ಕೊನೆಯ ಅಂಕಪಟ್ಟಿ ಕೈಗೆ ಬಂದಾಗ ಒಟ್ಟು ಅಂಕ ಆಮೇಲೆ ನೋಡಿ. ಎರಡು ಮೆಥಡ್‌ಗಳ ಹೆಸರು ಸರಿಯಾಗಿ ಅಚ್ಚಾಗಿದೆಯೇ ಅಂತ ಮೊದಲು ಓದಿ. ತಪ್ಪಿದ್ದರೆ ಅವತ್ತೇ ತಿದ್ದುಪಡಿಗೆ ಅರ್ಜಿ ಬರೆದುಕೊಟ್ಟು, ಸ್ವೀಕೃತಿ ಪಡೆದು ಮನೆಗೆ ಬನ್ನಿ.