ದಿನಾಂಕ ಬಿಟ್ಟು ಕಾರಣ ಹಿಡಿದ ಮೇಲೆ

ಮಾಂಟ್ರಿಯಲ್ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಆದದ್ದು 2016ರ ಅಕ್ಟೋಬರ್‌ನಲ್ಲಿ, ರುವಾಂಡಾ ದೇಶದ ಕಿಗಾಲಿ ನಗರದಲ್ಲಿ. ಇಷ್ಟು ನನಗೆ ಬಾಯಿಪಾಠವಾಗಿತ್ತು. ವಿಜಯಪುರದಲ್ಲಿ ಕೋಣೆ ಮಾಡಿಕೊಂಡು ಕೆಎಎಸ್ ಪೂರ್ವಭಾವಿ ಪರೀಕ್ಷೆಗೆ ಓದುತ್ತಿದ್ದ ಮೊದಲ ವರ್ಷ, ಮಾದರಿ ಪರೀಕ್ಷೆಯೊಂದರಲ್ಲಿ ಅದರ ಮೇಲೆಯೇ ಒಂದು ಹೇಳಿಕೆ ಬಂತು: ‘ಎಚ್‌ಎಫ್‌ಸಿ ಅನಿಲಗಳು ಓಝೋನ್ ಪದರವನ್ನು ನಾಶ ಮಾಡುವುದರಿಂದ ಕಿಗಾಲಿಯಲ್ಲಿ ಅವುಗಳ ಬಳಕೆ ತಗ್ಗಿಸಲು ಒಪ್ಪಲಾಯಿತು.’ ಸರಿ ಎಂದು ಗುರುತು ಹಾಕಿ ಎದ್ದು ಬಂದೆ. ಉತ್ತರ ತಪ್ಪಾಗಿತ್ತು. ಈ ತಂಪುಕಾರಕಗಳಲ್ಲಿ ಓಝೋನನ್ನು ಒಡೆಯುವುದು ಕ್ಲೋರಿನ್. ಎಚ್‌ಎಫ್‌ಸಿಯಲ್ಲಿ ಕ್ಲೋರಿನ್ ಇಲ್ಲ. ಫ್ರಿಜ್‌ಗಳಲ್ಲಿ ಕ್ಲೋರಿನ್ ಇರುವ ಸಿಎಫ್‌ಸಿ ಅನಿಲ ತೆಗೆದು ಎಚ್‌ಎಫ್‌ಸಿ ತುಂಬಿದ್ದೇ ಆ ಕಾರಣಕ್ಕೆ. ತೊಂದರೆ ಬೇರೆ ಕಡೆ ಇತ್ತು. ಇಂಗಾಲದ ಡೈ ಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖವನ್ನು ಅದು ಹಿಡಿದಿಡುತ್ತದೆ. ಓಝೋನ್ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವನ್ನು ಭೂಮಿಯ ಬಿಸಿ ತಡೆಯುವುದಕ್ಕಾಗಿ ತಿದ್ದಬೇಕಾಯಿತು.

ಆ ವರ್ಷ ಮುಖ್ಯ ಪರೀಕ್ಷೆಯ ಹತ್ತಿರಕ್ಕೂ ಹೋಗಲಿಲ್ಲ. ಪೂರ್ವಭಾವಿಯಲ್ಲೇ ಬಹಳ ಅಂಕಗಳಿಂದ ಹಿಂದೆ ಬಿದ್ದಿದ್ದೆ. ಮನೆಗೆ ಬಂದು ಎರಡು ದಪ್ಪ ನೋಟ್‌ಬುಕ್‌ಗಳನ್ನು ತಿರುವಿ ಹಾಕಿದೆ. ದಿನಾಚರಣೆಗಳು, ಸೂಚ್ಯಂಕಗಳು, ಯೋಜನೆಗಳ ಹೆಸರು, ಯಾವ ರಾಜ್ಯ ಮೊದಲು, ಯಾವ ದೇಶ ಎಷ್ಟನೆಯದು. ಮಾಸಪತ್ರಿಕೆಗಳಿಂದ ಇಳಿಸಿಕೊಂಡ ಅಕ್ಷರವೇ ಹೊರತು ‘ಏಕೆ’ ಎಂಬ ಪದ ಎಲ್ಲಿಯೂ ಇರಲಿಲ್ಲ. ಪೂರ್ವಭಾವಿಯ ಎರಡನೆಯ ಪ್ರಶ್ನೆಪತ್ರಿಕೆಯ 100 ಪ್ರಶ್ನೆಗಳಲ್ಲಿ 30 ವಿಜ್ಞಾನ, ತಂತ್ರಜ್ಞಾನ ಮತ್ತು ಪರಿಸರದ್ದು. ಒಂದೊಂದಕ್ಕೆ 2 ಅಂಕ, ತಪ್ಪಿದರೆ ಅದರ ಕಾಲು ಭಾಗ ಕಡಿತ. ಅರ್ಧ ಗೊತ್ತಿರುವವರನ್ನೇ ಕೆಡವುವಂತೆ ಆ ಹೇಳಿಕೆಗಳನ್ನು ಹೆಣೆದಿರುತ್ತಾರೆ, ಮತ್ತು ನನಗೆ ಎಲ್ಲವೂ ಅರ್ಧವೇ ಗೊತ್ತಿತ್ತು.

ಹೊಸ ನೋಟ್‌ಬುಕ್ಕನ್ನು ಬೇರೆ ರೀತಿ ಬರೆಯಲು ಕಲಿಸಿದ್ದು ಅವ್ವನ ಜ್ವರ. ಊರು ನಿಡಗುಂದಿಯ ಕಡೆ. ಶನಿವಾರ ಹೋದಾಗ ಅವ್ವ ಸೆರಗಿನ ಗಂಟು ಬಿಚ್ಚಿ ಎರಡು ಮಾತ್ರೆ ತೋರಿಸಿದಳು. ಅಂಗಡಿಯವರು ಚೀಟಿ ಕೇಳದೆ, ಪಟ್ಟಿಯಿಂದ ಕತ್ತರಿಸಿ ಕೊಟ್ಟದ್ದು. ನಾಲ್ಕು ನುಂಗಿ, ಜ್ವರ ಇಳಿಯಿತೆಂದು ಉಳಿದೆರಡನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದಳು. ಬೆಳ್ಳಿ ಹಾಳೆಯ ಹಿಂಬದಿಯಲ್ಲಿ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ ಇತ್ತು. ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಔಷಧ ಎಂಬುದರ ಗುರುತು ಅದು. ಆ್ಯಂಟಿಬಯೋಟಿಕ್ ನಿರೋಧಕತೆಯ ಬಗ್ಗೆ ನಾನು ಅಷ್ಟರಲ್ಲಿ ಎರಡು ಪುಟ ಬರೆದಿದ್ದೆ. ನಮ್ಮ ಮನೆಯ ಸೆರಗಿನ ಗಂಟಿನಲ್ಲಿರುವುದೂ ಅದೇ ಎಂದು ಮಾತ್ರ ಹೊಳೆದಿರಲಿಲ್ಲ.

ಸೋಮವಾರ ವಿಜಯಪುರದಲ್ಲಿ ಕೋಣೆಯ ಹತ್ತಿರದ ಔಷಧ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯ ಕಾಕಾ ಒಳಗಿನಿಂದ ಉದ್ದನೆಯ ದಾಖಲೆ ಪುಸ್ತಕ ತಂದು ಮುಂದಿಟ್ಟರು. ಚೀಟಿ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ. “ಎಚ್-1 ಪಟ್ಟಿಯ ಔಷಧ ಕೊಟ್ಟರೆ ಇದರಲ್ಲಿ ಬರೆಯಲೇಬೇಕು ತಂಗಿ, ಮೂರು ವರ್ಷ ಕಾಪಾಡಬೇಕು” ಎಂದರು. ಹಲವು ಆ್ಯಂಟಿಬಯೋಟಿಕ್ ಇರುವ ಈ ಪಟ್ಟಿ ಜಾರಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ. ಅಂದು ರಾತ್ರಿ ಹೊಸ ಪುಸ್ತಕದ ಮೊದಲ ಪುಟ ಬರೆದೆ. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ನೆಗಡಿಯ ವೈರಸ್ಸಿಗೆ ಅದರಿಂದ ಏನೂ ಆಗದು. ಬೇಡದ ಕಡೆ ನುಂಗಿದಾಗ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ, ತಡೆದುಕೊಳ್ಳಬಲ್ಲವು ಉಳಿದು ಬೆಳೆಯುತ್ತವೆ. ಅಂದರೆ ಔಷಧಕ್ಕೆ ಒಗ್ಗುವುದು ನಮ್ಮ ದೇಹವಲ್ಲ, ರೋಗಾಣು. ಪರೀಕ್ಷೆಯ ಹೇಳಿಕೆಗಳು ಕೊಕ್ಕೆ ಹಾಕುವುದು ಇಲ್ಲಿಯೇ. ಅಲ್ಲಿಂದ ಕೋಳಿ ಸಾಕಣೆಗೆ ಹೋದೆ: ಮನುಷ್ಯರಿಗೆ ಕೊನೆಯ ಅಸ್ತ್ರವಾಗಿರುವ ಕೊಲಿಸ್ಟಿನ್ ಔಷಧವನ್ನು ಕೋಳಿಗಳ ಮೇವಿಗೆ ಬೆರೆಸುತ್ತಿದ್ದುದರಿಂದ 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದನ್ನು ನಿಷೇಧಿಸಿತು. ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವೂ ಒಂದೇ ಎಂಬ ‘ಏಕ ಆರೋಗ್ಯ’ದ ಮಾತು ನನಗೆ ನಿಜವಾಗಿ ಅರ್ಥವಾದದ್ದು ಆಗ. ನವೆಂಬರ್ 18ರಿಂದ 24ರವರೆಗಿನ, ಈ ನಿರೋಧಕತೆಯ ಬಗೆಗಿನ ಜಾಗೃತಿ ಸಪ್ತಾಹ ಪುಟದ ಕೊನೆಯ ಸಾಲಿಗೆ ಹೋಯಿತು. ಅದನ್ನು ಮತ್ತೆ ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಅಲ್ಲಿಂದ ಮುಂದೆ ಒಂದು ಸುದ್ದಿಗೆ ಒಂದು ಪುಟ. ಏನಾಯಿತು, ಅದು ಹೇಗೆ ಕೆಲಸ ಮಾಡುತ್ತದೆ, ಯಾವ ಕಾನೂನು ಅಥವಾ ಸಂಸ್ಥೆಯ ಕೈಯಲ್ಲಿದೆ, ಎಲ್ಲಿ ಗೊಂದಲವಾಗುತ್ತದೆ. ‘ಹೇಗೆ’ ಎಂಬುದಕ್ಕೆ ಅರ್ಧ ಪುಟ, ಉಳಿದ ಮೂರಕ್ಕೆ ಇನ್ನರ್ಧ. ಬೆಳಿಗ್ಗೆ ಗ್ರಂಥಾಲಯದಲ್ಲಿ ಎರಡು ಕನ್ನಡ ದಿನಪತ್ರಿಕೆ, ಸಂಜೆ ಕೇಂದ್ರ ಸರ್ಕಾರದ ಪತ್ರಿಕಾ ಪ್ರಕಟಣೆಗಳ ಕನ್ನಡ ರೂಪ. ದಿನಕ್ಕೆ ಎರಡು ಪುಟಕ್ಕಿಂತ ಹೆಚ್ಚು ಬರೆಯಲಿಲ್ಲ. ಮಾಸಪತ್ರಿಕೆಯನ್ನು ಪೂರ್ತಿ ಬಿಡಲಿಲ್ಲ; ಏನಾದರೂ ಕಣ್ತಪ್ಪಿದೆಯೇ ಎಂದು ನೋಡಲು ತಿಂಗಳ ಕೊನೆಗೆ ಒಂದು ದಿನ ಅದಕ್ಕೆ ಸಾಕಾಗುತ್ತಿತ್ತು.

ಮುಂದೆ ಆಗುವ ಬದಲಾವಣೆ ಸೇರಿಸಲು ಪ್ರತಿ ಪುಟದ ಅಡಿಯಲ್ಲಿ ಆರೇಳು ಸಾಲು ಖಾಲಿ ಬಿಡುತ್ತಿದ್ದೆ. ಅದರ ಬೆಲೆ ತಿಳಿದದ್ದು ಕೂಡಗಿಯ ಪುಟದಲ್ಲಿ. ಊರಿಗೆ ಹೋಗುವ ಬಸ್ಸಿನಿಂದ ಕಾಣುವ ಆ ಚಿಮಣಿಗಳು 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರದವು, 800 ಮೆಗಾವಾಟ್‌ನ ಮೂರು ಘಟಕಗಳು. ನೀರು ಆಲಮಟ್ಟಿಯದು. ಕಲ್ಲಿದ್ದಲಿನ ಗಂಧಕ ಉರಿದು ಗಂಧಕದ ಡೈ ಆಕ್ಸೈಡ್ ಆಗುತ್ತದೆ. ಹೊಗೆಯನ್ನು ಸುಣ್ಣಕಲ್ಲಿನ ಪುಡಿ ಕಲಸಿದ ನೀರಿನಲ್ಲಿ ಹಾಯಿಸಿದರೆ ಆ ಅನಿಲ ಜಿಪ್ಸಂ ಆಗಿ ಕೆಳಗಿಳಿಯುತ್ತದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಈ ಅನಿಲಕ್ಕೆ ಮಿತಿ ಹಾಕಿತು, ಗಡುವನ್ನು ಮತ್ತೆ ಮತ್ತೆ ಮುಂದೂಡಿತು, 2025ರ ಜುಲೈನಲ್ಲಿ ದೊಡ್ಡ ನಗರಗಳಿಂದ ಮತ್ತು ಹೆಚ್ಚು ಮಲಿನವಾದ ಪ್ರದೇಶಗಳಿಂದ ದೂರವಿರುವ ಬಹುಪಾಲು ಸ್ಥಾವರಗಳಿಗೆ ವಿನಾಯಿತಿ ಕೊಟ್ಟಿತು. 2015ರ ಸಾಲನ್ನಷ್ಟೇ ಓದಿದವರು ಇಂದು ತಪ್ಪು ಉತ್ತರ ಬರೆಯುತ್ತಾರೆ. ಆ ಬಯಲಿನಲ್ಲಿ ಜೋಳ ಬೆಳೆಯುವವರು ನಮ್ಮ ಬಂಧುಗಳೇ ಆದ್ದರಿಂದ ಈ ಪುಟವನ್ನು ಅಂಕಕ್ಕಾಗಿ ಮಾತ್ರ ಬರೆಯುವುದು ನನ್ನಿಂದ ಆಗಲಿಲ್ಲ.

ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸಾರ್ ತಾಣಗಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ರಾಜ್ಯದ ಮೊದಲನೆಯದು ರಂಗನತಿಟ್ಟು, 2022ರಲ್ಲಿ. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಸೇರಿದವು. ಇಲ್ಲಿನ ಮಾಗಡಿ ಗದಗ ಜಿಲ್ಲೆಯದು, ಬೆಂಗಳೂರಿನ ಪಕ್ಕದ್ದಲ್ಲ.

ತಂತ್ರಜ್ಞಾನ ನನಗೆ ಕೊನೆಯವರೆಗೂ ಕಷ್ಟವೇ. ಇಸ್ರೊದ ಸ್ಪೇಡೆಕ್ಸ್ ಪುಟವನ್ನು ಮೂರು ಸಲ ಬರೆದೆ. 2025ರ ಜನವರಿ 16ರಂದು ಎರಡು ಉಪಗ್ರಹಗಳು ಕಕ್ಷೆಯಲ್ಲಿ ಜೋಡಣೆಯಾದವು, ಭಾರತ ನಾಲ್ಕನೆಯ ದೇಶವಾಯಿತು ಎಂದು ಓದಿ ಹೇಳಿದರೆ ಕೋಣೆಯ ಗೆಳತಿ, “ಜೋಡಿಸಿ ಏನು ಮಾಡುತ್ತಾರೆ?” ಎಂದು ಕೇಳಿದಳು. ಉತ್ತರ ಗೊತ್ತಿರಲಿಲ್ಲ. ಎರಡು ದಿನ ಓದಿದ ಮೇಲೆ ಹೇಳಿದೆ: ಒಂದೇ ರಾಕೆಟ್ ಹೊರಲಾರದ ಭಾರವನ್ನು ಬಿಡಿಬಿಡಿಯಾಗಿ ಕಳಿಸಿ ಮೇಲೆ ಕೂಡಿಸಬಹುದು, ಚಂದ್ರನಿಂದ ಮಣ್ಣು ತರಬೇಕಿರುವ ಚಂದ್ರಯಾನ-4ಕ್ಕೂ, ಮುಂದೆ ಕಟ್ಟಲಿರುವ ಅಂತರಿಕ್ಷ ನಿಲ್ದಾಣಕ್ಕೂ ಈ ಕೌಶಲ ಬೇಕೇ ಬೇಕು. ಅವಳು ತಲೆಯಾಡಿಸಿದ ನಂತರವೇ ಮೂರನೆಯ ಸಲ ಬರೆದದ್ದು.

ಎರಡನೆಯ ಪ್ರಯತ್ನದಲ್ಲಿ ಪೂರ್ವಭಾವಿ ದಾಟಿದೆ. ಕೊನೆಯ ಇಪ್ಪತ್ತು ದಿನ ಬೇರೆ ಏನನ್ನೂ ತೆರೆಯದೆ ಆ ಒಂದು ಪುಸ್ತಕವನ್ನೇ ನಾಲ್ಕು ಸಲ ಓದಿದ್ದೆ. ಮುಖ್ಯ ಪರೀಕ್ಷೆಗೂ ಅದೇ ಪುಟಗಳನ್ನು ಹಿಗ್ಗಿಸಿ ಬರೆಯುತ್ತಿದ್ದೇನೆ. ಅವ್ವ ಈಗ ಮಾತ್ರೆ ನುಂಗುವ ಮೊದಲು ಹಾಳೆಯನ್ನು ತಿರುಗಿಸಿ ನೋಡುತ್ತಾಳೆ, ಗೆರೆ ಕಂಡರೆ ನನಗೆ ಫೋನ್ ಮಾಡುತ್ತಾಳೆ.