ಅನಲಾಗ್ ಸಿಂಥ್‌ನಲ್ಲಿ ಮಾಡ್ಯುಲೇಶನ್ ರೂಟಿಂಗ್: ಎಲ್ಲ ಇರುವುದು ಅಮೌಂಟ್ ನಾಬ್‌ನಲ್ಲೇ

ಸಿಂಥ್ ಅಂದರೆ ಸರ್ಕ್ಯೂಟ್‌ಗಳಿಂದ ದನಿ ಹುಟ್ಟಿಸುವ ವಾದ್ಯ. ಅದರಲ್ಲಿ ಮಾಡ್ಯುಲೇಶನ್ ಅಂದರೆ ನಿಮ್ಮ ಕೈ ಮಾಡುವ ಕೆಲಸವನ್ನು ಇನ್ನೊಂದು ಸರ್ಕ್ಯೂಟ್ ಮಾಡುವುದು. ಕಟಾಫ್ ನಾಬನ್ನು (ಫಿಲ್ಟರ್ ದನಿಯ ಹೊಳಪನ್ನು ಎಲ್ಲಿಂದ ಮೇಲಕ್ಕೆ ಕತ್ತರಿಸಬೇಕೆಂದು ಹೇಳುವುದು) ನೀವು ತಿರುಗಿಸುವ ಬದಲು ಎನ್ವಲಪ್ (ಕೀ ಒತ್ತಿದಾಗ ಏರಿ ಇಳಿಯುವ ವೋಲ್ಟೇಜ್) ತಿರುಗಿಸುತ್ತದೆ. ಪಿಚ್ಚನ್ನು, ಅಂದರೆ ಸ್ವರದ ಎತ್ತರವನ್ನು, ಎಲ್‌ಎಫ್‌ಓ (ನಿಧಾನವಾಗಿ ಏರಿಳಿಯುವ ಆಸಿಲೇಟರ್) ಅಲುಗಾಡಿಸುತ್ತದೆ. ಯಾವುದರಿಂದ, ಯಾವುದಕ್ಕೆ, ಎಷ್ಟು: ಪ್ರತಿ ರೂಟಿಂಗಿಗೂ ಈ ಮೂರೇ ಪ್ರಶ್ನೆ. ಮೊದಲೆರಡಕ್ಕೆ ಉತ್ತರ ಪ್ಯಾನೆಲ್ ಮೇಲೇ ಬರೆದಿರುತ್ತದೆ. ನನ್ನ ಸಮಯವೆಲ್ಲ ಹೋಗುವುದು ಮೂರನೆಯದಕ್ಕೆ, ಅಂದರೆ ಅಮೌಂಟ್ ನಾಬ್‌ಗೆ.

ಮೊದಲು ಅಮೌಂಟ್ ನಾಬ್‌ಗಳನ್ನೆಲ್ಲ ಸೊನ್ನೆಗೆ ತನ್ನಿ. ಪ್ಲಸ್, ಮೈನಸ್ ಎರಡೂ ಇರುವ ನಾಬ್ ಆದರೆ ಅದರ ಸೊನ್ನೆ ನಟ್ಟನಡುವೆ ಇರುತ್ತದೆ, ಎಡತುದಿಯಲ್ಲಲ್ಲ. ಒಂದೇ ಆಸಿಲೇಟರ್ (ದನಿ ಹುಟ್ಟಿಸುವ ಭಾಗ), ಗರಗಸದ ಹಲ್ಲಿನಾಕಾರದ ಸಾಟೂತ್ ವೇವ್, ರೆಸೊನೆನ್ಸ್ (ಕಟಾಫ್ ಬಳಿಯ ದನಿಯನ್ನು ಎತ್ತುವುದು) ಸೊನ್ನೆ, ವಿಸಿಎ (ವೋಲ್ಟೇಜ್‌ನಿಂದ ಸಿಗ್ನಲ್‌ನ ಜೋರನ್ನು ಹತೋಟಿ ಮಾಡುವ ಭಾಗ) ಎನ್ವಲಪ್‌ನ ಸಸ್ಟೇನ್ (ಕೀ ಒತ್ತಿ ಹಿಡಿದಾಗ ನಿಲ್ಲುವ ಮಟ್ಟ) ಪೂರ್ತಿ. ಕೀ ಒತ್ತಿದರೆ ಸಪ್ಪೆ ಸ್ವರವೊಂದು ಒಂದೇ ಸಮನೆ ಬರಬೇಕು. ಆಮೇಲೆ ಒಂದೊಂದೇ ರೂಟಿಂಗ್ ಸೇರಿಸಿ. ಎರಡನ್ನು ಒಟ್ಟಿಗೆ ಹಾಕಿದರೆ ಯಾವುದು ಏನು ಮಾಡುತ್ತಿದೆ ಅಂತ ಕಿವಿಗೆ ಗೊತ್ತಾಗುವುದಿಲ್ಲ.

ಎನ್ವಲಪ್‌ನಿಂದ ಫಿಲ್ಟರಿಗೆ ಕೊಡುವುದು ಎಲ್ಲರೂ ಮಾಡುವ ರೂಟಿಂಗ್, ಎಲ್ಲರೂ ತಡಕಾಡುವುದೂ ಅಲ್ಲೇ. ಎನ್ವಲಪ್‌ನ ವೋಲ್ಟೇಜ್ ಕಟಾಫ್ ನಾಬ್ ಇರುವ ಜಾಗಕ್ಕೆ ಕೂಡಿಕೊಳ್ಳುತ್ತದೆ, ಅದರ ಬದಲಿಗೆ ಬರುವುದಿಲ್ಲ. ಕಟಾಫ್ ಮೊದಲೇ ಪೂರ್ತಿ ತೆರೆದಿದ್ದರೆ ಅಮೌಂಟ್ ಎಷ್ಟು ಏರಿಸಿದರೂ ಏನೂ ಕೇಳಿಸದು, ಮೇಲೆ ಹೋಗಲು ಜಾಗವೇ ಇಲ್ಲ. ಸ್ವರ ಮಂಕಾಗಿ ಇನ್ನೇನು ಅಡಗಬೇಕು ಅನ್ನುವವರೆಗೆ ಕಟಾಫ್ ಇಳಿಸಿ. ಫಿಲ್ಟರ್ ಎನ್ವಲಪ್‌ನಲ್ಲಿ ಅಟ್ಯಾಕ್ (ಏರಲು ಹಿಡಿಯುವ ಸಮಯ) ಸೊನ್ನೆ, ಸಸ್ಟೇನ್ ಸೊನ್ನೆ, ಡಿಕೇ (ಇಳಿಯಲು ಹಿಡಿಯುವ ಸಮಯ) 300 ಮಿಲಿಸೆಕೆಂಡ್ ಆಸುಪಾಸು. ಈಗ ಕೀ ಒತ್ತುತ್ತಾ, ಸ್ವರದ ಮೊದಲ ಹೊಡೆತ ಬೇಕಾದಷ್ಟು ಹೊಳಪಾಗುವವರೆಗೆ ಅಮೌಂಟ್ ಏರಿಸಿ. ಸಸ್ಟೇನ್ ಕೊಡುವುದು ಕೊನೆಗೆ. ಅದನ್ನು ಏರಿಸಿದಾಗ ಒಟ್ಟು ದನಿಯೇ ತೆರೆದುಕೊಳ್ಳುತ್ತದೆ, ಕಟಾಫ್ ತುಸು ಹಿಂದಕ್ಕೆ ಎಳೆಯಬೇಕಾಗುತ್ತದೆ. ಅಮೌಂಟ್ ಮೈನಸ್ ಆದರೆ ಲೆಕ್ಕ ತಿರುಗುಮುರುಗು: ಕಟಾಫ್ ಮೇಲಿಟ್ಟೇ ಶುರುಮಾಡಿ.

ವೈಬ್ರಾಟೋಗೆ (ಸ್ವರದ ಸಣ್ಣ ನಡುಕಕ್ಕೆ) ಎಲ್‌ಎಫ್‌ಓವನ್ನು ಪಿಚ್ಚಿಗೆ ಕೊಡಿ. ಟ್ರಯಾಂಗಲ್ ವೇವ್, 5ರಿಂದ 6 ಹರ್ಟ್ಜ್. ಭಾಗಗಳನ್ನು ಕೇಬಲ್‌ನಿಂದ ನೀವೇ ಜೋಡಿಸುವ ಮಾಡ್ಯುಲರ್ ಸಿಂಥ್‌ನಲ್ಲಿ ನೇರವಾಗಿ ಕೇಬಲ್ ಚುಚ್ಚಿದರೆ ಆಂಬುಲೆನ್ಸ್ ಸೈರನ್ ಗ್ಯಾರಂಟಿ. ಆಕ್ಟೇವ್‌ಗೆ (ಒಂದು ಸಪ್ತಕಕ್ಕೆ) 1 ವೋಲ್ಟ್ ಲೆಕ್ಕದಲ್ಲಿ, ಪ್ಲಸ್-ಮೈನಸ್ 5 ವೋಲ್ಟ್ ಕೊಡುವ ಎಲ್‌ಎಫ್‌ಓ ಸ್ವರವನ್ನು 5 ಆಕ್ಟೇವ್ ಮೇಲಕ್ಕೂ 5 ಆಕ್ಟೇವ್ ಕೆಳಕ್ಕೂ ಎಳೆದಾಡುತ್ತದೆ. ಒಂದು ಸೆಮಿಟೋನ್‌ಗೆ (ಆಕ್ಟೇವ್‌ನ ಹನ್ನೆರಡರಲ್ಲಿ ಒಂದು ಪಾಲಿಗೆ) ಬೇಕಾಗುವುದು ಸುಮಾರು 83 ಮಿಲಿವೋಲ್ಟ್, ಹದವಾದ ವೈಬ್ರಾಟೋಗೆ ಅದಕ್ಕಿಂತಲೂ ಕಡಿಮೆ. ಸಿಗ್ನಲ್ ತಗ್ಗಿಸುವ ಒಂದೇ ಅಟೆನ್ಯುಯೇಟರ್‌ನಲ್ಲಿ ಅಷ್ಟು ಚಿಕ್ಕ ಅಳತೆ ಹಿಡಿಯುವುದು ಕಷ್ಟ. ನಾನು ಎರಡನ್ನು ಸಾಲಾಗಿ ಹಾಕುತ್ತೇನೆ, ಮೊದಲನೆಯದನ್ನು ತೀರಾ ಕೆಳಗಿಟ್ಟು ಎರಡನೆಯದರಲ್ಲಿ ಹದ ಮಾಡುತ್ತೇನೆ.

ಈ ಎಲ್‌ಎಫ್‌ಓವನ್ನು ಸದಾ ಓಡಲು ಬಿಡಬೇಡಿ. ಎಲ್‌ಎಫ್‌ಓ ಒಂದು ವಿಸಿಎ ಒಳಗೆ, ಆ ವಿಸಿಎಯ ಕಂಟ್ರೋಲ್‌ಗೆ ಮಾಡ್ ವೀಲ್ (ಕೀಬೋರ್ಡ್ ಪಕ್ಕದ ಚಕ್ರ), ವಿಸಿಎಯ ಔಟ್‌ಪುಟ್ ಪಿಚ್ಚಿಗೆ. 1970ರ ಮಿನಿಮೂಗ್ ಸಿಂಥ್‌ನಲ್ಲೂ ವೀಲ್ ಮಾಡುವುದು ಇದೇ ಕೆಲಸ: ಅಲ್ಲಿ ಮೂರನೇ ಆಸಿಲೇಟರೇ ಎಲ್‌ಎಫ್‌ಓ ಆಗುತ್ತದೆ, ಅದರ ಏರಿಳಿತ ಎಷ್ಟು ಒಳಗೆ ಬರಬೇಕೆಂದು ವೀಲ್ ತೀರ್ಮಾನಿಸುತ್ತದೆ.

ಪಲ್ಸ್ ವಿಡ್ತ್ (ಪಲ್ಸ್ ವೇವ್‌ನ ಒಂದು ಸುತ್ತಿನಲ್ಲಿ ಮೇಲಿರುವ ಭಾಗ ಎಷ್ಟು ಅಗಲ ಅನ್ನುವುದು) ಸುಲಭ. ವೇವ್ ಪಲ್ಸ್ ಆಗಿರಬೇಕು, ಸಾಟೂತ್‌ಗೆ ಏನೂ ಆಗುವುದಿಲ್ಲ. ನಾಬ್ 50 ಪರ್ಸೆಂಟ್‌ಗೆ, ಎಲ್‌ಎಫ್‌ಓ 1 ಹರ್ಟ್ಜ್‌ಗಿಂತ ನಿಧಾನ. ಅಮೌಂಟ್ ಅತಿಯಾದರೆ ಪಲ್ಸ್ ತುದಿ ಮುಟ್ಟಿ ದನಿಯೇ ಕಟ್ಟಾಗುತ್ತದೆ, ಆಗ ಸ್ವಲ್ಪ ಹಿಂದಕ್ಕೆ ಬನ್ನಿ.

ನನಗೆ ತೀರಾ ಇಷ್ಟವಾದದ್ದು 1978ರ ಪ್ರಾಫೆಟ್-5 ಸಿಂಥ್‌ನ ಪಾಲಿ-ಮಾಡ್ ಅನ್ನುವ ಮಾಡ್ಯುಲೇಶನ್ ವಿಭಾಗ. ಫಿಲ್ಟರ್ ಎನ್ವಲಪ್, ಆಸಿಲೇಟರ್ ಬಿ ಎರಡೇ ಸೋರ್ಸ್. ಅವು ಹೋಗುವುದು ಆಸಿಲೇಟರ್ ಎ ಪಿಚ್ಚು, ಅದರ ಪಲ್ಸ್ ವಿಡ್ತ್, ಫಿಲ್ಟರ್, ಈ ಮೂರಕ್ಕೆ. ಸಿಂಕ್ (ಬಿ ಹೊಸ ಸುತ್ತು ಶುರುಮಾಡಿದಾಗಲೆಲ್ಲ ಎ ಕೂಡ ಮೊದಲಿನಿಂದ ಶುರುವಾಗುವುದು) ಆನ್ ಮಾಡಿ, ಎನ್ವಲಪನ್ನು ಎ ಪಿಚ್ಚಿಗೆ ಕೊಟ್ಟು, ಡಿಕೇ ಉದ್ದ ಮಾಡಿ: ಮೂಲ ಸ್ವರ ಕದಲದೆ ಅದರ ಮೇಲಿನ ಹಾರ್ಮೋನಿಕ್ಸ್ ಮಾತ್ರ ಕಿರುಚುತ್ತಾ ಇಳಿಯುತ್ತವೆ. ಬೇರೆ ಸಿಂಥ್‌ನಲ್ಲಿ ಮಾಡುವುದಾದರೆ ಎನ್ವಲಪ್ ಸೇರಬೇಕಾದದ್ದು ಸಿಂಕ್‌ಗೆ ಒಳಪಟ್ಟ ಆಸಿಲೇಟರಿಗೆ. ಇನ್ನೊಂದಕ್ಕೆ ಕೊಟ್ಟರೆ ಸ್ವರವೇ ಜಾರುತ್ತದೆ.

ಏನು ಮಾಡಿದರೂ ಬದಲಾವಣೆ ಕೇಳದಿದ್ದರೆ ಮಾಡ್ ವೀಲ್ ಕೆಳಗಿದೆಯೇ ನೋಡಿ, ಆಮೇಲೆ ಅಮೌಂಟ್, ಆಮೇಲೆ ಡೆಸ್ಟಿನೇಶನ್ ನಾಬ್‌ನ ಜಾಗ. ಸೆಮಿ-ಮಾಡ್ಯುಲರ್ (ಒಳಗೇ ಸಂಪರ್ಕ ಇದ್ದು, ಕೇಬಲ್‌ನಿಂದ ಬದಲಿಸಬಹುದಾದ ಸಿಂಥ್) ಆದರೆ ಜ್ಯಾಕ್‌ಗಳನ್ನೂ ನೋಡಿ: ಎಆರ್‌ಪಿ 2600 ಥರದವುಗಳಲ್ಲಿ ಕೇಬಲ್ ಚುಚ್ಚಿದರೆ ಒಳಗಿನ ಸಂಪರ್ಕ ಕಡಿದುಹೋಗುತ್ತದೆ, ಇನ್ನೊಂದು ತುದಿ ಸುಮ್ಮನೆ ನೇತಾಡುತ್ತಿದ್ದರೂ ಸರಿ.